ಪರಿಮಳದ ಬಿಲ್ಲೆ

ಶ್ರಾವಣ ಮಾಸದ ಶುಕ್ರವಾರದ ಸಂಜೆ. ಜಯನಗರದ ಯಾವುದಾದರೊಂದು ಮನೆ ಎಂದಿಟ್ಟುಕೊಳ್ಳೋಣ. ವರಮಹಾಲಕ್ಷ್ಮಿಯ ಪೂಜೆ ಮುಗಿದಿದೆ. ಅರಿಶಿನ-ಕುಂಕುಮಕ್ಕೆ ನೆರೆಹೊರೆಯ ಹೆಂಗಸರು ಬಂದಿದ್ದಾರೆ. ತಾಂಬೂಲದ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ರವಿಕೆಯ ಕಣ. ಅವುಗಳ ನಡುವೆ ತಾವರೆಯ ಆಕಾರದ, ನಸುಗೆಂಪು ಬಣ್ಣದ ಒಂದು ಪುಟ್ಟ ಬಿಲ್ಲೆ.

“ಇದೇನು ರೀ, ಕೊಬ್ಬರಿ ಮಿಠಾಯಿಯೇ?”

“ಅಲ್ಲ ರೀ, ಸೋಪು. ಮನೆಯಲ್ಲಿ ನಾನೇ ಮಾಡಿದ್ದು.”

ಬಂದವರು ಅದನ್ನು ಮೂಗಿನ ಬಳಿ ಹಿಡಿದು ಮೆಚ್ಚುತ್ತಾರೆ. ಆದರೆ ಬಾಗಿಲು ದಾಟುವ ಮೊದಲು ಅವರಲ್ಲೊಬ್ಬರು ಮೆಲ್ಲನೆ ಕೇಳುವುದುಂಟು: “ಮಗುವಿಗೆ ಹಚ್ಚಿದರೆ ಏನೂ ಆಗುವುದಿಲ್ಲವಷ್ಟೆ?”

ಈ ಪ್ರಶ್ನೆಯಲ್ಲಿ ಅವಮಾನವೇನೂ ಇಲ್ಲ. ಮನೆಯಲ್ಲಿ ಸಾಬೂನು ಮಾಡುವ ಕಲೆಯ ಮರ್ಮವೆಲ್ಲ ಇದೊಂದೇ ಪ್ರಶ್ನೆಯಲ್ಲಿ ಅಡಗಿದೆ. ಕಣ್ಣಿಗೆ ಚೆಂದವಾಗಿರುವುದು ಸುಲಭ; ಮೂಗಿಗೆ ಹಿತವಾಗಿರುವುದೂ ಅಷ್ಟೇನೂ ಕಷ್ಟವಲ್ಲ. ಚರ್ಮಕ್ಕೆ ನಿರಪಾಯವಾಗಿರುವುದು ಮಾತ್ರ ತೂಕವನ್ನೂ ತಾಳ್ಮೆಯನ್ನೂ ಬೇಡುತ್ತದೆ.

ಸಾಬೂನಿಗೆ ಮೊದಲು

ಸಾಬೂನು ನಮ್ಮ ಬಚ್ಚಲುಮನೆಗೆ ತಡವಾಗಿ ಬಂದ ಅತಿಥಿ. ಅದರ ಹೆಸರೇ ಅರಬ್ಬಿಯ ‘ಸಾಬೂನ್’ ಶಬ್ದದಿಂದ ಬಂದುದು. ಅದಕ್ಕೆ ಮೊದಲು ಎಣ್ಣೆ ಸ್ನಾನಕ್ಕೆ ಸೀಗೆಪುಡಿ, ತಲೆಗೆ ಅಂಟುವಾಳದ ನೊರೆ, ಮೈಗೆ ಕಡಲೆಹಿಟ್ಟು ಇಲ್ಲವೆ ಹೆಸರುಹಿಟ್ಟು, ಹೆಂಗಸರಿಗೆ ಅರಿಶಿನ, ಕೂಸಿಗೆ ಹಾಲಿನ ಕೆನೆ. ಗ್ರಂಥಿಗೆ ಅಂಗಡಿಯಲ್ಲಿ ದೊರೆಯುವ ಲಾವಂಚದ ಬೇರು, ಕಚೋರ ಮೊದಲಾದವನ್ನು ಬೆರೆಸಿ ಕುಟ್ಟಿದ ಸ್ನಾನಚೂರ್ಣದ ಪರಿಮಳ ಬಸವನಗುಡಿಯ ಹಳೆಯ ಮನೆಗಳ ಹಿರಿಯರಿಗೆ ಇಂದಿಗೂ ನೆನಪಿದ್ದೀತು.

ಪರಿಮಳದ ವಿಷಯದಲ್ಲಿ ಕನ್ನಡನಾಡಿಗೆ ದೀರ್ಘವಾದ ಪರಂಪರೆಯೇ ಇದೆ. ಹನ್ನೊಂದನೆಯ ಶತಮಾನದ ಮೊದಲ ಭಾಗದಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಕೃಷಿ, ಅಡುಗೆ, ವೈದ್ಯಗಳ ಜೊತೆಗೆ ಸುಗಂಧದ್ರವ್ಯಗಳ ತಯಾರಿಕೆಗೂ ಸ್ಥಾನವುಂಟು. ಮುಂದಿನ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ವು ಸ್ನಾನಭೋಗ, ವಿಲೇಪನಭೋಗ, ಧೂಪಭೋಗಗಳನ್ನು ಬೇರೆಬೇರೆಯಾಗಿ ವಿವರಿಸುತ್ತದೆ. ಮೀಯುವುದೂ ಒಂದು ಕಲೆಯೆಂದು ತಿಳಿದ ನಾಡಿನಲ್ಲಿ, ಪರದೇಶದ ಸಾಬೂನಿಗೆ ಸ್ವದೇಶದ ಸುಗಂಧ ಕೂಡಿಬಂದುದು ಸಹಜವೇ ಸರಿ. ಅದು ಕೂಡಿಬಂದ ಊರು ಬೆಂಗಳೂರು.

ಯುದ್ಧ ತಂದ ಗಂಧ

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಅದುವರೆಗೆ ಮೈಸೂರು ಸಂಸ್ಥಾನದ ಶ್ರೀಗಂಧದ ಕೊರಡುಗಳು ಹಡಗನ್ನೇರಿ ಯುರೋಪಿಗೆ, ಅದರಲ್ಲಿಯೂ ಜರ್ಮನಿಗೆ, ಹೋಗುತ್ತಿದ್ದವು. ಎಣ್ಣೆ ತೆಗೆಯುವ ಕೆಲಸ ಅಲ್ಲಿಯೇ ನಡೆಯುತ್ತಿತ್ತು. ಯುದ್ಧದಿಂದ ಆ ದಾರಿ ಮುಚ್ಚಿ, ಮರ ಕೊಳ್ಳುವವರಿಲ್ಲದೆ ಇಲ್ಲಿಯೇ ಉಳಿಯಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆ, ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿ. ಮರವನ್ನು ಮಾರುವುದಕ್ಕಿಂತ ಎಣ್ಣೆಯನ್ನೇ ತೆಗೆದು ಮಾರಬಾರದೇಕೆ ಎಂಬ ಆಲೋಚನೆ ಬಲಿಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್ಬರೋ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರು ಶ್ರೀಗಂಧವನ್ನು ಬಟ್ಟಿಯಿಳಿಸುವ ಪ್ರಯೋಗಗಳನ್ನು ನಡೆಸಿದರು. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ನಿಂತಿತು.

ಎಣ್ಣೆ ಬಂದಿತು, ಮುಂದೇನು? ಅದನ್ನು ಸಾಬೂನಿಗೆ ಬೆರೆಸುವ ಯೋಚನೆ ಹುಟ್ಟಿತು. ಫ್ರಾನ್ಸಿನಿಂದ ಬಂದ ಅತಿಥಿಗಳು ಮಹಾರಾಜರಿಗೆ ಗಂಧದೆಣ್ಣೆಯ ಸಾಬೂನನ್ನು ಕಾಣಿಕೆಯಾಗಿ ಕೊಟ್ಟರೆಂದೂ, ಅದನ್ನು ಕಂಡು ‘ನಮ್ಮ ಎಣ್ಣೆಯಿಂದ ನಾವೇ ಏಕೆ ಮಾಡಬಾರದು’ ಎಂಬ ಪ್ರೇರಣೆ ಉಂಟಾಯಿತೆಂದೂ ಜನಜನಿತವಾದ ಕಥೆಯೊಂದಿದೆ. ಕಥೆ ಹೇಗೇ ಇರಲಿ, ಸೋಸಲೆ ಗರಳಪುರಿ ಶಾಸ್ತ್ರಿಗಳೆಂಬ ರಸಾಯನಶಾಸ್ತ್ರಜ್ಞರು ಇಂಗ್ಲೆಂಡಿಗೆ ಹೋಗಿ ಈ ವಿದ್ಯೆಯನ್ನು ಕಲಿತು ಬಂದರು. 1918ರಲ್ಲಿ ಕಬ್ಬನ್ ಪಾರ್ಕಿನ ಬಳಿ ಸರ್ಕಾರಿ ಸಾಬೂನು ಕಾರ್ಖಾನೆ ಆರಂಭವಾಯಿತು. ಅಂಡಾಕಾರದ ಬಿಲ್ಲೆ, ಒಡವೆಯ ಪೆಟ್ಟಿಗೆಯನ್ನು ಹೋಲುವ ಹೊದಿಕೆ, ಸಿಂಹದ ಮೈಗೆ ಆನೆಯ ಮೊಗವಿರುವ ಶರಭದ ಮುದ್ರೆ — ಹೀಗೆ ‘ಮೈಸೂರು ಸ್ಯಾಂಡಲ್’ ಮನೆಮನೆಗೆ ಬಂದಿತು. 1957ರಲ್ಲಿ ಕಾರ್ಖಾನೆ ರಾಜಾಜಿನಗರದ ಕಡೆಗೆ ಸ್ಥಳಾಂತರಗೊಂಡಿತು; 1980ರಲ್ಲಿ ಅದು ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಎಂಬ ಕಂಪನಿಯಾಯಿತು; 2006ರಲ್ಲಿ ಈ ಸಾಬೂನಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು.

ಮನೆಯಲ್ಲಿ ಸಾಬೂನು ಮಾಡಹೊರಟವರು ಈ ಚರಿತ್ರೆಯಿಂದ ಕಲಿಯತಕ್ಕ ಪಾಠವೊಂದಿದೆ. ಇಲ್ಲಿ ಪೆಟ್ಟಿಗೆಯ ಅಂದ ಮೊದಲು ಬರಲಿಲ್ಲ. ಮೊದಲು ಪ್ರಯೋಗಶಾಲೆ, ಆಮೇಲೆ ಎಣ್ಣೆ, ಆಮೇಲೆ ಸಾಬೂನು, ಕೊನೆಯಲ್ಲಿ ಮುದ್ರೆ. ಅಲಂಕಾರದಿಂದ ಆರಂಭಿಸುವವರು ಈ ಕ್ರಮವನ್ನು ತಲೆಕೆಳಗು ಮಾಡುತ್ತಾರೆ.

ಎರಡು ದಾರಿಗಳು

ಮನೆಯಲ್ಲಿ ಸಾಬೂನು ಮಾಡಲು ದಾರಿಗಳು ಎರಡು. ಒಂದು ಸುಲಭವಾದುದು, ಇನ್ನೊಂದು ನಿಜವಾದ ಸಾಬೂನು ತಯಾರಿಕೆ.

ಮೊದಲನೆಯದರಲ್ಲಿ ಸಿದ್ಧವಾದ ಗ್ಲಿಸರಿನ್ ಸಾಬೂನಿನ ಗಟ್ಟಿಯನ್ನು ಕೊಂಡು ತರುತ್ತಾರೆ. ಅದನ್ನು ಚೂರುಮಾಡಿ, ಕುದಿಯುವ ನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆಯನ್ನಿಟ್ಟು ಕರಗಿಸಬೇಕು. ಸುಮಾರು 60ರಿಂದ 65 ಡಿಗ್ರಿ ಸೆಲ್ಸಿಯಸ್ ಶಾಖ ಸಾಕು. ಹೆಚ್ಚಾದರೆ ನೀರಿನಂಶ ಹೋಗಿ ಸಾಬೂನು ರಬ್ಬರಿನಂತಾಗುತ್ತದೆ, ಹಾಕಿದ ಸುಗಂಧವೂ ಹಾರಿಹೋಗುತ್ತದೆ. ಅರ್ಧ ಕಿಲೋಗ್ರಾಂ ಗಟ್ಟಿಗೆ 5ರಿಂದ 10 ಗ್ರಾಂ ಸುಗಂಧತೈಲ, ಚರ್ಮಕ್ಕೆ ಯೋಗ್ಯವಾದ ಬಣ್ಣ ಚಿಟಿಕೆಯಷ್ಟು. ಸಿಲಿಕೋನ್ ಅಚ್ಚಿಗೆ ಸುರಿದು ಒಂದೆರಡು ಗಂಟೆ ಬಿಟ್ಟರೆ ಹೂವೋ ಶಂಖವೋ ಮಾವಿನಕಾಯಿಯೋ ಕೈಗೆ ಬರುತ್ತದೆ. ದೊಡ್ಡವರು ಕರಗಿಸಿ ಸುರಿದುಕೊಟ್ಟರೆ ರಜೆಯ ದಿನಗಳಲ್ಲಿ ಮಕ್ಕಳೂ ಕೂಡಿ ಮಾಡಬಹುದಾದ ಕೆಲಸವಿದು. ದೋಷವೆಂದರೆ, ಗ್ಲಿಸರಿನ್ ಗಾಳಿಯ ತೇವವನ್ನು ಸೆಳೆಯುವುದರಿಂದ ಮಳೆಗಾಲದಲ್ಲಿ ಈ ಬಿಲ್ಲೆಗಳ ಮೇಲೆ ಬೆವರಿನಂತೆ ಹನಿಗಳು ಮೂಡುತ್ತವೆ. ಗೌರಿಹಬ್ಬಕ್ಕೆಂದು ಮಾಡಿದ್ದನ್ನು ಆರಿದ ಕೂಡಲೆ ಗಾಳಿಯಾಡದಂತೆ ಸುತ್ತಿಡಬೇಕು.

ಎರಡನೆಯ ದಾರಿಯಲ್ಲಿ ಎಣ್ಣೆಯೂ ಕಾಸ್ಟಿಕ್ ಸೋಡಾವೂ ಕೂಡಿ ಸಾಬೂನಾಗುತ್ತವೆ. ಎಣ್ಣೆಯ ಒಡಲಲ್ಲಿ ಮೇದಾಮ್ಲಗಳೂ ಗ್ಲಿಸರಿನ್ನೂ ಹೆಣೆದುಕೊಂಡಿವೆಯೆಂಬುದನ್ನು ಫ್ರಾನ್ಸಿನ ವಿಜ್ಞಾನಿ ಷೆವ್ರಲ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ತೋರಿಸಿಕೊಟ್ಟನು. ಕ್ಷಾರವು ಆ ಹೆಣಿಗೆಯನ್ನು ಬಿಡಿಸಿ ಮೇದಾಮ್ಲದೊಡನೆ ತಾನು ಸೇರುತ್ತದೆ, ಅದೇ ಸಾಬೂನು. ಬಿಡುಗಡೆಯಾದ ಗ್ಲಿಸರಿನ್ ಮನೆಯ ಸಾಬೂನಿನಲ್ಲಿ ಹಾಗೆಯೇ ಉಳಿದು ಚರ್ಮವನ್ನು ಮೃದುವಾಗಿಡುತ್ತದೆ. ಸರಿಯಾಗಿ ಮಾಡಿದ ಸಾಬೂನಿನಲ್ಲಿ ಕಾಸ್ಟಿಕ್ ಸೋಡಾ ಉಳಿದಿರುವುದಿಲ್ಲ; ತಪ್ಪಾಗಿ ಮಾಡಿದುದರಲ್ಲಿ ಉಳಿದಿರುತ್ತದೆ. ಬಾಗಿಲಲ್ಲಿ ನಿಂತು ಕೇಳಿದ ಪ್ರಶ್ನೆಗೆ ಉತ್ತರವಿರುವುದು ಇಲ್ಲಿಯೇ.

ಕಣ್ಣಳತೆ ಸಲ್ಲದು

ನಮ್ಮ ಗೃಹಿಣಿಯರ ಕೈಯಳತೆ ಪ್ರಸಿದ್ಧವಾದುದು. ಸಾರಿಗೆ ಉಪ್ಪು ಎಷ್ಟೆಂದು ಕೇಳಿದರೆ ‘ಹದವಾಗಿ’ ಎಂಬ ಉತ್ತರ ಬರುತ್ತದೆ. ಸಾಬೂನಿನಲ್ಲಿ ಆ ಜಾಣ್ಮೆ ಅಪಾಯಕಾರಿ. ಪಾವು, ಲೋಟ, ಚಮಚಗಳನ್ನು ಬದಿಗಿಟ್ಟು ಗ್ರಾಮಿನವರೆಗೆ ತೋರಿಸುವ ತಕ್ಕಡಿಯನ್ನು ಹಿಡಿಯಬೇಕು.

ಪ್ರತಿಯೊಂದು ಎಣ್ಣೆಯೂ ತನಗೆ ಬೇಕಾದಷ್ಟೇ ಕ್ಷಾರವನ್ನು ಕುಡಿಯುತ್ತದೆ. ಒಂದು ಗ್ರಾಂ ಕೊಬ್ಬರಿ ಎಣ್ಣೆಗೆ ಸುಮಾರು 0.183 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಅಕ್ಕಿತೌಡಿನ ಎಣ್ಣೆಗೆ 0.133, ಹರಳೆಣ್ಣೆಗೆ 0.128. ಕೊಬ್ಬರಿ ಎಣ್ಣೆ 250 ಗ್ರಾಂ, ತೌಡಿನ ಎಣ್ಣೆ 200 ಗ್ರಾಂ, ಹರಳೆಣ್ಣೆ 50 ಗ್ರಾಂ ತೆಗೆದುಕೊಂಡರೆ ಲೆಕ್ಕದಂತೆ ಸುಮಾರು 78.75 ಗ್ರಾಂ ಸೋಡಾ ಹಿಡಿಸುತ್ತದೆ. ಆದರೆ ಅಷ್ಟನ್ನೂ ಹಾಕಬಾರದು. ನೂರಕ್ಕೆ ಐದಾರು ಭಾಗದಷ್ಟು ಎಣ್ಣೆ ಸಾಬೂನಾಗದೆ ಉಳಿಯುವಂತೆ ಸೋಡಾವನ್ನು ಕಡಮೆಮಾಡಿ 74 ಗ್ರಾಂ ತೂಗಬೇಕು. ಉಳಿದ ಎಣ್ಣೆ ಚರ್ಮಕ್ಕೆ ಹಿತ; ತೂಕದಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಅದೇ ರಕ್ಷಣೆ. ಬಟ್ಟಿಯಿಳಿಸಿದ ನೀರು 180 ಗ್ರಾಂ ಸಾಕು. ಎಣ್ಣೆಯನ್ನು ಬದಲಿಸಿದರೆ ಲೆಕ್ಕವನ್ನೂ ಹೊಸದಾಗಿ ಹಾಕಬೇಕು. ಒಂದರ ಬದಲು ಇನ್ನೊಂದನ್ನು ಸುರಿಯುವಂತಿಲ್ಲ.

ಈ ಮೂರು ಎಣ್ಣೆಗಳಿಗೂ ಒಂದೊಂದು ಗುಣವಿದೆ. ಕೊಬ್ಬರಿ ಎಣ್ಣೆ ಬಿಲ್ಲೆಗೆ ಗಡುಸನ್ನೂ ಧಾರಾಳವಾದ ನೊರೆಯನ್ನೂ ಕೊಡುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿಯೂ ಅದರ ಸಾಬೂನು ನೊರೆಯಾಡುತ್ತದೆ. ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಲ್ಲಿ ಕೊಳವೆಬಾವಿಯ ನೀರನ್ನೇ ನಂಬಿರುವ ಮನೆಗಳವರಿಗೆ ಇದು ಸಣ್ಣ ಲಾಭವಲ್ಲ. ಆದರೆ ಅದೊಂದೇ ಆದರೆ ಚರ್ಮ ಒಣಗುತ್ತದೆ. ತೌಡಿನ ಎಣ್ಣೆ ಆ ಒರಟನ್ನು ತಗ್ಗಿಸುತ್ತದೆ. ಹರಳೆಣ್ಣೆ ನೊರೆಯನ್ನು ಹೆಚ್ಚು ಹೊತ್ತು ನಿಲ್ಲಿಸುತ್ತದೆ.

ಒಲೆಯ ಬಳಿಯ ಎಚ್ಚರ

ಕಾಸ್ಟಿಕ್ ಸೋಡಾ ನೋಡಲು ಕಲ್ಲುಸಕ್ಕರೆಯ ಚೂರಿನಂತಿರಬಹುದು. ಕಣ್ಣಿಗೆ ಬಿದ್ದರೆ ಕಣ್ಣನ್ನೂ, ಬಾಯಿಗೆ ಹೋದರೆ ಅನ್ನನಾಳವನ್ನೂ ಸುಡುವ ವಸ್ತು ಅದು. ಆದುದರಿಂದ ಇದನ್ನು ಮಾಡುವಾಗ ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಅಡುಗೆಮನೆಯಲ್ಲಿ ಪ್ರವೇಶವಿರಕೂಡದು. ಸೋಡಾವನ್ನು ಹಳೆಯ ಹಾರ್ಲಿಕ್ಸ್ ಶೀಷೆಯಲ್ಲಿಯೋ ತಿಂಡಿಯ ಡಬ್ಬಿಯಲ್ಲಿಯೋ ಇಡುವುದಂತೂ ಅಕ್ಷಮ್ಯ. ಹೆಸರು ಬರೆದು, ಬೀಗ ಹಾಕಿ ಇಡತಕ್ಕದ್ದು. ಕೈಗೆ ರಬ್ಬರ್ ಚೀಲ, ಕಣ್ಣಿಗೆ ಸುತ್ತ ಮುಚ್ಚುವ ಕನ್ನಡಕ, ತುಂಬುತೋಳಿನ ಉಡುಪು, ತೆರೆದ ಕಿಟಕಿ — ಇವು ಅನಿವಾರ್ಯ.

ನೀರಿಗೆ ಸೋಡಾವನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕೇ ಹೊರತು ಸೋಡಾದ ಮೇಲೆ ನೀರನ್ನು ಎಂದಿಗೂ ಸುರಿಯಬಾರದು. ಹಾಗೆ ಸುರಿದರೆ ದ್ರಾವಣವು ಒಮ್ಮೆಲೆ ಕುದಿದು ಮೇಲಕ್ಕೆ ಚಿಮ್ಮುತ್ತದೆ. ಸರಿಯಾಗಿ ಬೆರೆಸಿದಾಗಲೂ, ಒಲೆಯ ಮೇಲಿಡದೆಯೇ, ನೀರು 80 ಡಿಗ್ರಿಗಿಂತ ಹೆಚ್ಚು ಕಾಯುವುದುಂಟು. ಪಾತ್ರೆ ಉಕ್ಕಿನದಾಗಿರಲಿ, ಅಲ್ಯೂಮಿನಿಯಂ ಪಾತ್ರೆಯನ್ನು ಸೋಡಾ ತಿಂದುಹಾಕಿ ಹೈಡ್ರೋಜನ್ ಅನಿಲವನ್ನು ಎಬ್ಬಿಸುತ್ತದೆ. ಸಾಬೂನಿಗೆ ಮೀಸಲಾದ ಪಾತ್ರೆ ಮರಳಿ ಅಡುಗೆಗೆ ಬರಬಾರದು. ಅಕಸ್ಮಾತ್ ಮೈಮೇಲೆ ಚೆಲ್ಲಿದರೆ ನಿಂಬೆಹುಳಿ, ವಿನೆಗರ್ ಎಂದು ಹುಡುಕದೆ ನಲ್ಲಿಯ ಕೆಳಗೆ ಬಹಳ ಹೊತ್ತು ನೀರು ಬಿಡಬೇಕು. ಕಣ್ಣಿಗಾದರೆ ನೀರು ಬಿಡುತ್ತಲೇ ವೈದ್ಯರ ಬಳಿಗೆ ಹೋಗಬೇಕು.

ದ್ರಾವಣವೂ ಎಣ್ಣೆಯೂ 40-45 ಡಿಗ್ರಿಗೆ ಇಳಿದ ಬಳಿಕ ಎಣ್ಣೆಗೆ ದ್ರಾವಣವನ್ನು ನಿಧಾನವಾಗಿ ಸುರಿದು ಕಲಕಬೇಕು. ಬೆಂಗಳೂರಿನ ಮಾರ್ಗಶಿರದ ಚಳಿಯಲ್ಲಿ ಶೀಷೆಯಲ್ಲಿಯೇ ಹೆಪ್ಪುಗಟ್ಟಿರುವ ಕೊಬ್ಬರಿ ಎಣ್ಣೆಯನ್ನು ಮೊದಲೇ ಕರಗಿಸಿಕೊಂಡಿರಬೇಕು. ಕಲಕುತ್ತ ಹೋದಂತೆ ಮಿಶ್ರಣ ಮಂದವಾಗಿ ದೋಸೆಹಿಟ್ಟಿನ ಹದಕ್ಕೆ ಬರುತ್ತದೆ. ಚಮಚದಿಂದ ಬಿಟ್ಟ ಗೆರೆ ಮೇಲೆಯೇ ಕ್ಷಣಕಾಲ ನಿಂತರೆ ಹದ ಬಂದಿತೆಂದು ತಿಳಿಯಬೇಕು. ಸುಗಂಧ ಸೇರಿಸಿ ಅಚ್ಚಿಗೆ ಹಾಕುವ ಕಾಲ ಅದೇ. ಒಂದೆರಡು ದಿನಗಳ ಮೇಲೆ ತೆಗೆದು ಮೈಸೂರುಪಾಕಿನಂತೆ ಬಿಲ್ಲೆಗಳಾಗಿ ಕತ್ತರಿಸಬಹುದು.

ಬಣ್ಣ, ಗಂಧ

ಹೂವಿನ ಎಸಳುಗಳನ್ನು ಸಾಬೂನಿನೊಳಗೆ ಹುದುಗಿಸುವ ಆಸೆ ಎಲ್ಲರಿಗೂ ಬರುತ್ತದೆ. ಗಾಂಧಿ ಬಜಾರಿನಿಂದ ತಂದ ಗುಲಾಬಿಯ ಎಸಳು ಕ್ಷಾರದಲ್ಲಿ ಕೆಲವೇ ದಿನಗಳಲ್ಲಿ ಕಂದಿ ಕಪ್ಪಾಗುತ್ತದೆ. ಅರಿಶಿನದ ಕಥೆ ಇನ್ನೂ ಸ್ವಾರಸ್ಯ. ಹಳದಿಯ ಸಾಬೂನನ್ನು ನಿರೀಕ್ಷಿಸಿ ಅರಿಶಿನ ಹಾಕಿದವರ ಕಣ್ಣೆದುರು ಅದು ಕೆಂಪಗಾಗುತ್ತದೆ. ಇದರಲ್ಲಿ ಬೆರಗಾಗಬೇಕಾದುದೇನೂ ಇಲ್ಲ. ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಆರತಿಯ ಕೆಂಪುನೀರನ್ನು ಮಾಡುವ ನಮ್ಮ ಹೆಂಗಸರಿಗೆ ಕ್ಷಾರ ಸೋಕಿದ ಅರಿಶಿನ ಕೆಂಪಾಗುವುದು ತಲೆತಲಾಂತರದಿಂದ ತಿಳಿದಿದೆ. ಸಾಬೂನು ಪಕ್ವವಾದಂತೆ ಆ ಕೆಂಪು ಇಳಿದು ಮಾಸಲು ಹಳದಿಯ ಕಡೆಗೆ ತಿರುಗುತ್ತದೆ.

ಗಂಧದ ವಿಷಯದಲ್ಲಿ ಹಗುರವಾದುದು ಬೇಗ ಹೋಗುತ್ತದೆ, ಭಾರವಾದುದು ನಿಲ್ಲುತ್ತದೆ. ಕಿತ್ತಳೆ, ನಿಂಬೆಯ ತೈಲಗಳು ಮೊದಲ ದಿನ ಮನೆಯನ್ನೆಲ್ಲ ತುಂಬಿ ತಿಂಗಳೊಳಗೆ ಕಾಣೆಯಾಗುತ್ತವೆ. ಲಾವಂಚ, ಪಚೌಲಿಗಳ ತೈಲ ತಳದಲ್ಲಿ ಉಳಿದು ಇತರ ಪರಿಮಳಗಳನ್ನೂ ಹಿಡಿದಿಡುತ್ತದೆ. ಶ್ರೀಗಂಧದೆಣ್ಣೆಯ ಹಿರಿಮೆಯೂ ಇದೇ. ಅದರ ಸಾರವಾದ ಸ್ಯಾಂಟಲಾಲ್ ನಿಧಾನವಾಗಿ ಆವಿಯಾಗುತ್ತದೆ. ಆದರೆ ಶುದ್ಧವಾದ ಗಂಧದೆಣ್ಣೆಯ ಬೆಲೆ ಇಂದು ಕಿಲೋಗ್ರಾಮಿಗೆ ಲಕ್ಷ ರೂಪಾಯಿಯನ್ನು ಮೀರಿದೆ. ಅಗ್ಗದ ಪುಟ್ಟ ಶೀಷೆಯ ಮೇಲೆ ‘ಶ್ರೀಗಂಧ’ವೆಂದು ಬರೆದಿದ್ದರೆ ಅದು ಕೃತಕ ಸುಗಂಧವೆಂದೇ ಭಾವಿಸುವುದು ಕ್ಷೇಮ. ಕೃತಕವಾದುದನ್ನು ಬಳಸುವುದು ತಪ್ಪಲ್ಲ. ಕೃತಕವನ್ನು ಸಹಜವೆಂದು ಹೇಳಿಕೊಡುವುದು ತಪ್ಪು. ಅರ್ಧ ಕಿಲೋಗ್ರಾಂ ಎಣ್ಣೆಗೆ 15 ಗ್ರಾಮಿಗಿಂತ ಹೆಚ್ಚು ಸುಗಂಧ ಬೇಡ; ತಯಾರಕರು ಅದಕ್ಕಿಂತ ಕಡಮೆ ಹೇಳಿದ್ದರೆ ಅಷ್ಟೇ. ಲವಂಗ, ದಾಲ್ಚಿನ್ನಿಗಳ ತೈಲ ಸ್ವಲ್ಪದರಲ್ಲಿಯೇ ಚರ್ಮವನ್ನು ಉರಿಸಬಲ್ಲದು. ಮಿಶ್ರಣವನ್ನು ಕಲಕುತ್ತಿರುವಾಗಲೇ ಗಟ್ಟಿಮಾಡಿ ಕೆಲಸ ಕೆಡಿಸುವುದೂ ಉಂಟು.

ಕಾಯುವ ಕಾಲ

ಕತ್ತರಿಸಿದ ಬಿಲ್ಲೆಯನ್ನು ಅಂದೇ ಬಚ್ಚಲಿಗೆ ಒಯ್ಯುವಂತಿಲ್ಲ. ಗಾಳಿಯಾಡುವ ನೆರಳಿನಲ್ಲಿ ಒಂದಕ್ಕೊಂದು ತಾಗದಂತೆ ಜೋಡಿಸಿ ನಾಲ್ಕರಿಂದ ಆರು ವಾರ ಬಿಡಬೇಕು. ಕ್ಷಾರದ ಕೆಲಸ ಬಹುಮಟ್ಟಿಗೆ ಮೊದಲ ಕೆಲವು ದಿನಗಳಲ್ಲಿ ಮುಗಿಯುತ್ತದೆ. ಮಿಕ್ಕ ಕಾಲದಲ್ಲಿ ನೀರು ಆರಿ ಬಿಲ್ಲೆ ಗಟ್ಟಿಯಾಗುತ್ತದೆ, ನೊರೆ ಮೃದುವಾಗುತ್ತದೆ. ಒದ್ದೆಮಾಡಿದ ಬಿಲ್ಲೆಗೆ ಪಿ.ಎಚ್. ಕಾಗದವನ್ನು ಒತ್ತಿದರೆ 9-10ರ ಆಸುಪಾಸು ತೋರುವುದು ಸಹಜ; ಅದಕ್ಕಿಂತ ಬಹಳ ಮೇಲಿದ್ದರೆ ಆ ಬಿಲ್ಲೆಯನ್ನು ಬಳಸಲಾಗದು. ಕಾಗದದ ಮಾತೇ ಅಂತಿಮವಲ್ಲ. ತೂಕದಲ್ಲಿ ಅನುಮಾನವಿದ್ದರೆ, ಅಚ್ಚು ಎಷ್ಟೇ ಚೆನ್ನಾಗಿ ಮೂಡಿರಲಿ, ಆ ಸಾಬೂನನ್ನು ಕೊಡಬಾರದು. ವರಮಹಾಲಕ್ಷ್ಮಿಗೆ ಸಾಬೂನು ಬೇಕೆಂದರೆ ಆಷಾಢ ಹುಟ್ಟುವ ಮೊದಲೇ ಆರಂಭಿಸಬೇಕೆಂದಾಯಿತು. ಹಬ್ಬಕ್ಕೆ ಒಂದು ವಾರವಿರುವಾಗ ನೆನಪಾದವರಿಗೆ ಗ್ಲಿಸರಿನ್ ಗಟ್ಟಿಯ ಸುಲಭಮಾರ್ಗವೇ ಲೇಸು.

ಕೊಡುವ ಮುನ್ನ

ಅಲಂಕಾರದಲ್ಲಿಯೂ ವಿವೇಕ ಬೇಕು. ಗಣಪತಿಯ ಅಚ್ಚು, ಲಕ್ಷ್ಮಿಯ ಅಚ್ಚು ಅಂಗಡಿಯಲ್ಲಿ ದೊರೆಯಬಹುದು. ಆದರೆ ದೇವರ ಮೂರ್ತಿಯಿಂದ ಕಾಲು ತಿಕ್ಕಿಕೊಳ್ಳಲು ಯಾರ ಮನಸ್ಸು ಒಪ್ಪೀತು? ಅದಕ್ಕಿಂತ ದೊಡ್ಡ ಆತಂಕ ಲಾಡು, ಬರ್ಫಿ, ಜಹಾಂಗೀರುಗಳನ್ನು ಹೋಲುವ ಸಾಬೂನುಗಳದು. ತಾಂಬೂಲದ ತಟ್ಟೆಯಲ್ಲಿ ಸಿಹಿಯ ಪಕ್ಕದಲ್ಲಿ ಅಂಥದನ್ನಿಟ್ಟರೆ ಮನೆಯ ಮಗು ಬಾಯಿಗೆ ಹಾಕಿಕೊಳ್ಳದೆ ಬಿಟ್ಟೀತೇ? ಹಿರಿಯರೇ ಕೊಬ್ಬರಿ ಮಿಠಾಯಿಯೆಂದು ಭ್ರಮಿಸಿದ ಮೇಲೆ ಕೂಸಿನ ಪಾಡೇನು? ಸುತ್ತಿದ ಕಾಗದದ ಮೇಲೆ ‘ಸಾಬೂನು’ ಎಂದು ದೊಡ್ಡ ಅಕ್ಷರದಲ್ಲಿ ಬರೆದು, ಬಳಸಿದ ಎಣ್ಣೆ, ಸುಗಂಧ, ಮಾಡಿದ ತಾರೀಖುಗಳನ್ನೂ ಸೇರಿಸಿದರೆ ಕೊಡುವವರಿಗೂ ನೆಮ್ಮದಿ, ಪಡೆದವರಿಗೂ ನೆಮ್ಮದಿ.

ಮಾರಬೇಕೆಂಬ ಉತ್ಸಾಹವುಳ್ಳವರು ಇನ್ನೊಂದು ಮಾತನ್ನು ಅರಿತಿರಬೇಕು. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯಿದೆಯು ಮೊದಲು ಸಾಬೂನನ್ನು ಹೊರಗಿಟ್ಟಿತ್ತು. 1982ರ ತಿದ್ದುಪಡಿ ಆ ವಿನಾಯಿತಿಯನ್ನು ತೆಗೆದುಹಾಕಿತು. ಆದುದರಿಂದ ಮಾರಾಟಕ್ಕಾಗಿ ಮೈಸಾಬೂನು ತಯಾರಿಸುವವರಿಗೆ 2020ರ ಪ್ರಸಾಧನ ಸಾಮಗ್ರಿಗಳ ನಿಯಮಗಳಂತೆ ರಾಜ್ಯದ ಪರವಾನಗಿ ಬೇಕು. ಮನೆಯಿಂದಲೇ ನಾಲ್ಕು ಕಾಸು ಗಳಿಸಬೇಕೆಂಬ ಹೆಣ್ಣುಮಗಳಿಗೆ ಇದು ಹೊರೆಯೆನಿಸಬಹುದು. ಆದರೆ ನಿಯಮವು ಕೇಳುತ್ತಿರುವುದೂ ಬಾಗಿಲಲ್ಲಿ ನಿಂತ ಅತಿಥಿ ಕೇಳಿದುದನ್ನೇ: ಹಚ್ಚಿಕೊಂಡವರಿಗೆ ಏನೂ ಆಗುವುದಿಲ್ಲವಷ್ಟೆ?

ಕಾರ್ಖಾನೆಯ ಸಾಬೂನು ಮನೆಯ ಸಾಬೂನಿಗಿಂತ ಅಗ್ಗ. ಸಮಯದ ಲೆಕ್ಕ ಹಾಕಿದರಂತೂ ಬಹಳ ಅಗ್ಗ. ಆದರೂ ಕೈಯಾರೆ ಮಾಡಿ ಕೊಟ್ಟುದರ ಸೊಗಸೇ ಬೇರೆ. ಆ ಸೊಗಸು ತಾವರೆಯ ಎಸಳಿನಲ್ಲಿಯೂ ಇಲ್ಲ, ನಸುಗೆಂಪು ಬಣ್ಣದಲ್ಲಿಯೂ ಇಲ್ಲ. ಗ್ರಾಂ ಗ್ರಾಮಾಗಿ ತೂಗಿ, ಆರು ವಾರ ಕಾದು, ಮೊದಲ ಬಿಲ್ಲೆಯನ್ನು ತನ್ನ ಕೈಗೇ ಹಚ್ಚಿ ನೋಡಿದ ಗೃಹಿಣಿಯು ಅತಿಥಿಯ ಮುಖವನ್ನು ನೋಡಿ ನಿಸ್ಸಂಕೋಚವಾಗಿ ಹೇಳಬಲ್ಲಳು:

“ಏನೂ ಆಗುವುದಿಲ್ಲ ರೀ. ಧೈರ್ಯವಾಗಿ ತೆಗೆದುಕೊಂಡು ಹೋಗಿ.”